ಪೀಠ, ಗುರು ಮತ್ತು ಭಂಡಾರ: ಕಾಶಿಯ ಜಂಗಮವಾಡಿ ಮಠ ಹಾಗೂ ಕಥೋಲಿಕ ಸಂನ್ಯಾಸಿ ಸಂಘಗಳ ಅಧಿಪತ್ಯ ವಿಚಾರ

೧

ಜಂಗಮವಾಡಿ ಎಂಬ ಹೆಸರಿನಲ್ಲಿಯೇ ಒಂದು ವಿರೋಧವು ಅಡಗಿದೆ. ಜಂಗಮವೆಂದರೆ ಚರಿಸುವಂಥದು, ವಾಡಿಯೆಂದರೆ ನೆಲೆನಿಂತ ಕೇರಿ. ಚರಿಸತಕ್ಕವರು ನೆಲೆನಿಂತ ಕಥೆಯೇ ಕಾಶಿಯ ಜಂಗಮವಾಡಿ ಮಠದ ಕಥೆ. ವೀರಶೈವ ಪಂಚಪೀಠಗಳಲ್ಲೊಂದಾಗಿ, ವಿಶ್ವಾರಾಧ್ಯರ ಪರಂಪರೆಯನ್ನು ಹೇಳಿಕೊಳ್ಳುವ ಈ ಜ್ಞಾನಸಿಂಹಾಸನವು ಗಂಗೆಯ ದಡದ ಊರಿನಲ್ಲಿ ಕನ್ನಡಿಗ ಯಾತ್ರಿಕನಿಗೆ ತವರುಮನೆಯಂತಿದೆ. ಕರ್ನಾಟಕ, ಮಹಾರಾಷ್ಟ್ರ, ಆಂಧ್ರ, ತೆಲಂಗಾಣಗಳಿಂದ ಬರುವ ಭಕ್ತರು ಅಗಲಿದ ಹಿರಿಯರ ಹೆಸರಿನಲ್ಲಿ ಪಿಂಡಕ್ಕೆ ಬದಲಾಗಿ ಶಿವಲಿಂಗವನ್ನು ಇಲ್ಲಿ ಒಪ್ಪಿಸಿ ಹೋಗುತ್ತಾರೆ. ತಲೆತಲಾಂತರದಿಂದ ಹೀಗೆ ಕೂಡಿದ ಲಿಂಗಗಳು ಮಠದ ಅಂಗಳದಲ್ಲಿ ಸಾಲುಗಟ್ಟಿ ನಿಂತಿವೆ.

ಇದೇ ಊರಿನಲ್ಲಿ ೧೯೪೧ರಲ್ಲಿ ಗ್ಯಾಸ್ಪರ್ ಎ. ಪಿಂಟೊ ಎಂಬ ಕಥೋಲಿಕ ಗುರುಗಳು ಇಂಡಿಯನ್ ಮಿಷನರಿ ಸೊಸೈಟಿ ಎಂಬ ದೇಶೀಯ ಸಂಘವೊಂದನ್ನು ಸ್ಥಾಪಿಸಿದರು. ಅಲ್ಲಿ ಸಿಂಹಾಸನವಿಲ್ಲ, ಪಟ್ಟಾಭಿಷೇಕವಿಲ್ಲ. ಸಂಘಕ್ಕೊಬ್ಬ ಮಹಾಶ್ರೇಷ್ಠ, ಅವನ ಸಲಹೆಗಾರರು, ಎಲ್ಲಕ್ಕೂ ಮೇಲೆ ಸದಸ್ಯರ ಮಹಾಸಭೆ, ಇಷ್ಟೇ ಅದರ ಚೌಕಟ್ಟು. ಒಂದೇ ಊರಿನಲ್ಲಿ ಎರಡು ಬಗೆಯ ಅಧಿಪತ್ಯ ನೆಲೆಸಿದೆ. ಎರಡೂ ಕಡೆ ಮನೆಮಾರು ತೊರೆದವರೇ ಇದ್ದಾರೆ. ಗುರುಭಕ್ತಿಯೂ ವಿಧೇಯತೆಯೂ ಎರಡೂ ಕಡೆ ವ್ರತವೆನಿಸಿವೆ. ಆದರೆ ಮುಖ್ಯಸ್ಥನಾರು, ಅವನ ಅಧಿಕಾರ ಎಲ್ಲಿಂದ ಬಂದುದು, ಎಲ್ಲಿ ನಿಲ್ಲತಕ್ಕದ್ದು ಎಂಬ ಪ್ರಶ್ನೆಗಳಿಗೆ ಎರಡು ಪರಂಪರೆಗಳು ಕೊಟ್ಟ ಉತ್ತರಗಳು ಬೇರೆ. ಆ ಉತ್ತರಗಳನ್ನು ಎದುರುಬದುರಿಗೆ ಇಟ್ಟು ತೂಗಿನೋಡುವುದು ಈ ಲೇಖನದ ಉದ್ದೇಶ. ಮತಗಳ ಹಿರಿಮೆ ಕಿರಿಮೆಗಳ ವಿಚಾರ ಇಲ್ಲಿಲ್ಲ. ಸಂಸ್ಥೆಗಳ ರಚನೆಯ ವಿಚಾರ ಮಾತ್ರವೇ ಇದೆ.

೨

ಪಾಶ್ಚಾತ್ಯ ಸಂನ್ಯಾಸದ ಮೂಲಗ್ರಂಥವೆಂದರೆ ಸಂತ ಬೆನೆಡಿಕ್ಟನ ನಿಯಮಾವಳಿ. ಕ್ರಿ.ಶ. ಆರನೆಯ ಶತಮಾನದಲ್ಲಿ ಇಟಲಿಯ ಮಾಂಟೆ ಕಸೀನೊ ಬೆಟ್ಟದ ಮೇಲೆ ಮಠ ಕಟ್ಟಿದ ಈತನು ಮಠಾಧಿಪತಿಯನ್ನು ಅಬ್ಬಾಟ್ ಎಂದು ಕರೆಯುತ್ತಾನೆ. ಆ ಪದದ ಮೂಲ ಅರಮಾಯಿಕ್ ಭಾಷೆಯ ಅಬ್ಬಾ, ಎಂದರೆ ತಂದೆ. ನಮ್ಮ ಅಪ್ಪ ಎಂಬ ಮಾತಿಗೂ ಅದಕ್ಕೂ ಇರುವ ನಾದಸಾಮ್ಯ ಆಕಸ್ಮಿಕವಿರಬಹುದು. ಉತ್ತರ ಕರ್ನಾಟಕದಲ್ಲಿ ಮಠದ ಸ್ವಾಮಿಗಳನ್ನು ಅಪ್ಪಾವರು ಎಂದು ಕರೆಯುವ ರೂಢಿಯನ್ನು ಬಲ್ಲವರಿಗೆ ಭಾವಸಾಮ್ಯವಂತೂ ಆಕಸ್ಮಿಕವೆನಿಸದು.

ಈ ನಿಯಮಾವಳಿಯ ಎರಡನೆಯ ಅಧ್ಯಾಯವು ಮಠಾಧಿಪತಿಗೆ ಬಹುದೊಡ್ಡ ಅಧಿಕಾರವನ್ನು ಕೊಡುತ್ತದೆ. ಮಠದಲ್ಲಿ ಅವನು ಕ್ರಿಸ್ತನ ಸ್ಥಾನದಲ್ಲಿ ನಿಂತವನು. ಅಷ್ಟಕ್ಕೆ ಓದು ನಿಲ್ಲಿಸಿದರೆ ಇದೊಂದು ನಿರಂಕುಶ ಪ್ರಭುತ್ವದ ಶಾಸನವೆಂದೇ ತೋರೀತು. ಆದರೆ ಕೊಟ್ಟ ಅಧಿಕಾರದ ಸುತ್ತ ಬೆನೆಡಿಕ್ಟನು ಒಂದೊಂದಾಗಿ ಬೇಲಿ ಹಾಕುತ್ತಾ ಹೋಗುತ್ತಾನೆ. ತನ್ನ ವಶಕ್ಕೆ ಬಂದ ಪ್ರತಿಯೊಂದು ಆತ್ಮಕ್ಕೂ ಅಧಿಪತಿಯು ಕಡೆಗೆ ಲೆಕ್ಕ ಒಪ್ಪಿಸಬೇಕು. ಮಹತ್ವದ ಕಾರ್ಯವಿದ್ದಾಗ ಮಠದ ಎಲ್ಲರನ್ನೂ ಕರೆದು ಕೇಳಬೇಕು. ಕಿರಿಯನ ಬಾಯಿಂದಲೂ ದೇವರು ಸರಿಯಾದ ಮಾತನ್ನು ಆಡಿಸಬಹುದೆಂಬುದು ಅದಕ್ಕೆ ಆತ ಕೊಡುವ ಕಾರಣ. ಕೇಳಿದ ಮೇಲೆ ತೀರ್ಮಾನ ಅಧಿಪತಿಯದೇ, ದಿಟ. ಕೇಳದೆ ತೀರ್ಮಾನಿಸುವ ಹಕ್ಕು ಮಾತ್ರ ಅವನಿಗಿಲ್ಲ. ಅರುವತ್ತನಾಲ್ಕನೆಯ ಅಧ್ಯಾಯದಲ್ಲಿ ಅಧಿಪತಿಯ ಆಯ್ಕೆಯ ಕ್ರಮವಿದೆ. ಮಠಕ್ಕೆ ಕೊನೆಯಲ್ಲಿ ಸೇರಿದವನಾದರೂ ನಡತೆ, ವಿವೇಕಗಳಲ್ಲಿ ಯೋಗ್ಯನಾದರೆ ಅವನನ್ನೇ ಆರಿಸಬೇಕು. ಅವನು ಅಂಜಿಕೆಗಿಂತ ಪ್ರೀತಿಯನ್ನು ಸಂಪಾದಿಸುವವನಾಗಬೇಕು.

ಮೂವತ್ತೊಂದನೆಯ ಅಧ್ಯಾಯವೂ ಅಷ್ಟೇ ಮುಖ್ಯವಾದುದು. ಅದು ಮಠದ ಉಗ್ರಾಣಿಯನ್ನು ಕುರಿತದ್ದು. ಮಠದ ಪಾತ್ರೆಪಡಗಗಳನ್ನು ಅವನು ಪೂಜಾಸಾಮಗ್ರಿಯೆಂಬಂತೆ ಕಾಣಬೇಕಂತೆ. ಆಧ್ಯಾತ್ಮಿಕ ಗ್ರಂಥವೊಂದರಲ್ಲಿ ಉಗ್ರಾಣಕ್ಕೆ ಒಂದು ಅಧ್ಯಾಯ ಸಂದಿತೆಂಬುದು ಸಾಮಾನ್ಯ ಸಂಗತಿಯಲ್ಲ. ಮಠವು ಹಾಳಾಗುವುದು ಜಪ ತಪ್ಪಿದಾಗ ಮಾತ್ರವಲ್ಲ, ಉಗ್ರಾಣದ ಲೆಕ್ಕ ತಪ್ಪಿದಾಗಲೂ ಹೌದೆಂಬುದನ್ನು ಆತ ಬಲ್ಲವನಾಗಿದ್ದ.

೩

ಹದಿಮೂರನೆಯ ಶತಮಾನದಲ್ಲಿ ಮಠದ ಗೋಡೆಗಳನ್ನು ದಾಟಿ ಬೀದಿಗೆ ಬಂದ ಭಿಕ್ಷು ಸಂಘಗಳು ಹುಟ್ಟಿದವು. ನಮ್ಮ ಪರಿಭಾಷೆಯಲ್ಲಿ ಹೇಳುವುದಾದರೆ ಇವು ಜಂಗಮ ಸಂಘಗಳು. ಅಸ್ಸೀಸಿಯ ಫ್ರಾನ್ಸಿಸನು ತನ್ನ ಸಂಘದ ಮುಖ್ಯಸ್ಥರಿಗೆ ಮಿನಿಸ್ಟರ್ ಎಂಬ ಹೆಸರನ್ನಿಟ್ಟನು. ಲ್ಯಾಟಿನ್ನಿನಲ್ಲಿ ಅದರ ಅರ್ಥ ಸೇವಕ. ೧೨೨೦ರಲ್ಲಿ, ತಾನಿನ್ನೂ ಬದುಕಿರುವಾಗಲೇ, ಸಂಘದ ಆಡಳಿತವನ್ನು ಬೇರೊಬ್ಬನಿಗೆ ಒಪ್ಪಿಸಿ ಅವನ ಆಜ್ಞೆಗೆ ತಾನು ಒಳಗಾದನು. ಸ್ಥಾಪಕನೇ ಅಧಿಕಾರವನ್ನು ಇಳಿಸಿ ಸಾಮಾನ್ಯನಾಗುವ ಈ ಸಂಗತಿ ಸಂಸ್ಥೆಗಳ ಚರಿತ್ರೆಯಲ್ಲಿ ವಿರಳ.

ಡೊಮಿನಿಕನ ಸಂಘ ಇನ್ನೂ ಮುಂದೆ ಹೋಯಿತು. ೧೨೨೦ರ ಬೊಲೊನ್ಯ ಮಹಾಸಭೆಯಿಂದ ಆ ಸಂಘದ ಶಾಸನಾಧಿಕಾರವು ಸಭೆಯದಾಯಿತು. ಹೊಸ ನಿಯಮವೊಂದು ಶಾಸನವಾಗಬೇಕಾದರೆ ಒಂದರ ಹಿಂದೊಂದು ಮೂರು ಮಹಾಸಭೆಗಳ ಒಪ್ಪಿಗೆ ಬೇಕೆಂದು ಗೊತ್ತುಪಡಿಸಲಾಯಿತು. ಕಾರ್ಮೆಲ್ ಸಂಘದ ಸುಧಾರಕಿ ಆವಿಲಾದ ತೆರೇಸಳನ್ನು ೧೫೭೧ರಲ್ಲಿ ಮೇಲಧಿಕಾರಿಗಳು ಅವಳ ಹಳೆಯ ಮಠಕ್ಕೇ ಮುಖ್ಯಸ್ಥೆಯನ್ನಾಗಿ ಕಳುಹಿದರು. ತಮ್ಮ ಆಯ್ಕೆಯ ಹಕ್ಕು ಹೋಯಿತೆಂದು ಅಲ್ಲಿಯ ಸಂನ್ಯಾಸಿನಿಯರು ಕೋಪದಿಂದ ಎದುರು ನಿಂತರು. ತೆರೇಸಳು ಮುಖ್ಯಸ್ಥೆಯ ಆಸನದ ಮೇಲೆ ಕನ್ಯಾಮೇರಿಯ ವಿಗ್ರಹವನ್ನಿರಿಸಿ ತಾನು ಕೆಳಗೆ ಕುಳಿತಳು. ಇಲ್ಲಿ ಆಳುವವಳು ತಾನಲ್ಲ ಎಂದು ಆ ಒಂದು ಕ್ರಿಯೆ ಹೇಳಿತು.

ಜೆಸುಯಿಟ್ ಸಂಘದ ಮಾದರಿ ಬೇರೆ. ೧೫೪೧ರಲ್ಲಿ ಮೊದಲ ಮಹಾಧಿಪತಿಯಾಗಿ ಚುನಾಯಿತನಾದ ಇಗ್ನೇಷಿಯಸ್ ಲೊಯೋಲನು ಆ ಪದವಿಯನ್ನು ಆಜೀವ ಪದವಿಯನ್ನಾಗಿ ಮಾಡಿದನು. ವಿಧೇಯತೆಗೆ ಅಲ್ಲಿರುವಷ್ಟು ತೂಕ ಬೇರಾವ ಸಂಘದಲ್ಲಿಯೂ ಇಲ್ಲವೆಂಬ ಮಾತು ಹಳೆಯದು. ಆದರೂ ಮಹಾಧಿಪತಿಗೆ ಅವನ ತಪ್ಪನ್ನು ಎತ್ತಿಹೇಳಲೆಂದೇ ಒಬ್ಬನನ್ನು ಸಂಘ ನೇಮಿಸುತ್ತದೆ. ಆಜ್ಞೆ ಪಡೆದವನು ತನ್ನ ಆಕ್ಷೇಪವನ್ನು ಮುಂದಿಡಬಹುದೆಂಬ ವಿಧಿಯೂ ಇದೆ. ಆಜೀವ ಪದವಿಯೂ ಕಾಲದ ಒತ್ತಡಕ್ಕೆ ಬಾಗಿತು. ೧೯೮೧ರಲ್ಲಿ ಪಾರ್ಶ್ವವಾಯುವಿಗೆ ತುತ್ತಾದ ಪೆದ್ರೊ ಅರುಪೆ ೧೯೮೩ರ ಮಹಾಸಭೆಯಲ್ಲಿ ಪದವಿ ಬಿಟ್ಟರು. ಅವರ ತರುವಾಯ ಬಂದ ಕೋಲ್ವೆನ್‌ಬಾಖ್ ೨೦೦೮ರಲ್ಲಿ, ಅವರ ತರುವಾಯದ ನಿಕೊಲಾಸ್ ೨೦೧೬ರಲ್ಲಿ ನಿವೃತ್ತರಾದರು.

೪

ಎರಡನೆಯ ವ್ಯಾಟಿಕನ್ ಸಮ್ಮೇಳನವು ೧೯೬೫ರ ಅಕ್ಟೋಬರಿನಲ್ಲಿ ಹೊರಡಿಸಿದ ಶಾಸನವು ಎಲ್ಲ ಸಂನ್ಯಾಸಿ ಸಂಘಗಳೂ ತಮ್ಮ ಮೂಲದ ಆಶಯಕ್ಕೆ ಮರಳಿ, ನಿಯಮಗಳನ್ನು ಕಾಲಕ್ಕೆ ತಕ್ಕಂತೆ ತಿದ್ದಿಕೊಳ್ಳಬೇಕೆಂದು ವಿಧಿಸಿತು. ಆ ತಿದ್ದುಪಡಿಗಳ ಸಾರವು ೧೯೮೩ರ ಧರ್ಮಸಂಹಿತೆಯಲ್ಲಿ ನೆಲೆಗೊಂಡಿದೆ. ಅದರ ಹಲವಾರು ವಿಧಿಗಳ ನಡುವೆ ಮೂರು ವಿಂಗಡಣೆಗಳು ಸ್ಪಷ್ಟವಾಗಿ ಎದ್ದು ಕಾಣುತ್ತವೆ.

ಮೊದಲನೆಯದು ವ್ಯಕ್ತಿಗೂ ಪದವಿಗೂ ನಡುವಣ ವಿಂಗಡಣೆ. ಶ್ರೇಷ್ಠರ ಅಧಿಕಾರಕ್ಕೆ ಅವಧಿಯಿರಬೇಕು. ಸಂಘದ ಪರಮಾಧಿಪತಿಯ ಅಥವಾ ಸ್ವತಂತ್ರ ಮಠದ ಅಧಿಪತಿಯ ವಿಷಯದಲ್ಲಿ ಮಾತ್ರ ಸಂಘದ ಸಂವಿಧಾನವು ಬೇರೆ ವಿಧಿಸಬಹುದು. ಶ್ರೇಷ್ಠನು ಸಲಹಾಮಂಡಲಿಯೊಡನೆ ಆಳಬೇಕು; ಮಹಾಸಭೆ ಕೂಡಿದಾಗ ಪರಮಾಧಿಕಾರವು ಆ ಸಭೆಯದು. ಅವಧಿ ಮುಗಿದ ಶ್ರೇಷ್ಠನು ಸಾಲಿನಲ್ಲಿ ತನ್ನ ಹಳೆಯ ಜಾಗಕ್ಕೆ ಹಿಂದಿರುಗುತ್ತಾನೆ. ನಿನ್ನೆ ಆಜ್ಞೆ ಕೊಟ್ಟವನು ಇಂದು ಆಜ್ಞೆ ಪಾಲಿಸುತ್ತಾನೆ.

ಎರಡನೆಯದು ಆಡಳಿತಕ್ಕೂ ಅಂತರಂಗಕ್ಕೂ ನಡುವಣ ವಿಂಗಡಣೆ. ಶ್ರೇಷ್ಠನು ತನ್ನ ಕೈಕೆಳಗಿನವರನ್ನು ಅಂತರಂಗ ಬಿಚ್ಚಿಡುವಂತೆ ಯಾವ ರೀತಿಯಿಂದಲೂ ಒತ್ತಾಯಿಸಕೂಡದು. ಪಾಪನಿವೇದನೆಗೆ ತಮಗೆ ಬೇಕಾದ ಗುರುವನ್ನು ಆರಿಸುವ ಸ್ವಾತಂತ್ರ್ಯ ಅವರಿಗಿರಬೇಕು. ವರ್ಗಾವಣೆ ಮಾಡುವ ಕೈಗೆ ಮನಸ್ಸಿನ ಬೀಗದ ಕೈಯೂ ಸಿಕ್ಕರೆ ಅನ್ಯಾಯಕ್ಕೆ ದಾರಿಯಾಗುತ್ತದೆಂಬ ಅನುಭವವೇ ಇದರ ಹಿಂದಿರುವುದು.

ಮೂರನೆಯದು ಅಧಿಕಾರಕ್ಕೂ ಭಂಡಾರಕ್ಕೂ ನಡುವಣ ವಿಂಗಡಣೆ. ಸಂಘಕ್ಕೂ ಅದರ ಪ್ರಾಂತಗಳಿಗೂ ಒಬ್ಬ ಭಂಡಾರಿ ಇರಬೇಕು. ಅವನು ಮಹಾಶ್ರೇಷ್ಠನೇ ಆಗಿರಕೂಡದು. ಸ್ಥಳೀಯ ಮನೆಗಳಲ್ಲಿಯೂ ಸಾಧ್ಯವಾದಷ್ಟು ಮಟ್ಟಿಗೆ ಈ ಭೇದವನ್ನು ಪಾಲಿಸಬೇಕು. ಹಣ ನೋಡುವವನು ಬೇರೆ, ಹಣಕ್ಕೆ ಅಪ್ಪಣೆ ಕೊಡುವವನು ಬೇರೆ ಎಂಬುದು ಇಂದಿನ ಲೇವಾದೇವಿ ಸಂಸ್ಥೆಗಳ ಮೊದಲ ಪಾಠ. ಬರೆಯುವ ಕೈ ಒಂದು, ಸಹಿ ಹಾಕುವ ಕೈ ಇನ್ನೊಂದು. ಒಂದೇ ಕೈಯಲ್ಲಿ ಎರಡೂ ಸೇರಿದರೆ ಪ್ರಾಮಾಣಿಕನೂ ಸಂದೇಹಕ್ಕೆ ಗುರಿಯಾಗುತ್ತಾನೆ. ಬೆನೆಡಿಕ್ಟನ ಉಗ್ರಾಣಿಯಿಂದ ೧೯೮೩ರ ಭಂಡಾರಿಯವರೆಗೆ ಬಂದ ಈ ಎಳೆ ಕಥೋಲಿಕ ಸಂಘಜೀವನದ ಗಟ್ಟಿಯಾದ ಎಳೆಗಳಲ್ಲೊಂದು.

೫

ಇನ್ನು ಕಾಶಿಯ ಸಿಂಹಾಸನದ ಕಡೆಗೆ ತಿರುಗಬಹುದು. ರೇಣುಕರು ಅಗಸ್ತ್ಯರಿಗೆ ಮಾಡಿದ ಉಪದೇಶವೆಂಬ ರೂಪದಲ್ಲಿರುವ ಸಿದ್ಧಾಂತಶಿಖಾಮಣಿಯು ಪಂಚಪೀಠ ಪರಂಪರೆಯ ಆಧಾರಗ್ರಂಥ. ಅದರ ನೂರೊಂದು ಸ್ಥಲಗಳಲ್ಲಿ ಗುರುವಿಗೆ ಉನ್ನತ ಸ್ಥಾನವಿದೆ. ಆದರೆ ಆ ಗುರು ಶಿಷ್ಯನನ್ನು ಲಿಂಗದೊಡನೆ ಬೆಸೆಯುವ ದೀಕ್ಷಾಗುರು, ಜ್ಞಾನಗುರು. ಸಂಸ್ಥೆಯನ್ನು ನಡೆಯಿಸುವ ಆಡಳಿತಗಾರನ ಕರ್ತವ್ಯವೇನು, ಅವನ ಆಯ್ಕೆ ಹೇಗೆ, ಉಗ್ರಾಣ ಯಾರದು ಎಂಬ ವಿಷಯ ಆ ಗ್ರಂಥದ್ದಲ್ಲ. ಅದೊಂದು ಕೊರತೆಯಲ್ಲ, ಗ್ರಂಥದ ಗುರಿಯೇ ಬೇರೆ. ಕೊರತೆಯಾದುದು ಎಲ್ಲೆಂದರೆ, ಗುರುವಿಗೆ ಹೇಳಿದ ಮಹಿಮೆಯನ್ನೆಲ್ಲ ಮುಂದಿನವರು ಪೀಠಾಧಿಪತಿಯ ಆಡಳಿತಕ್ಕೂ ಹೊಂದಿಸಿಕೊಂಡಾಗ. ಬೆನೆಡಿಕ್ಟನು ಮಹಿಮೆಯನ್ನು ಹೇಳಿದ ಪುಟದಲ್ಲೇ ಮಿತಿಯನ್ನೂ ಹೇಳಿದನು. ನಮ್ಮಲ್ಲಿ ಮಹಿಮೆ ಶಾಸ್ತ್ರದಲ್ಲಿ ಉಳಿಯಿತು, ಮಿತಿ ರೂಢಿಗೆ ಬಿಟ್ಟದ್ದಾಯಿತು.

ಜಂಗಮವಾಡಿಯಲ್ಲಿ ಮೊಗಲ ಅರಸರ ಕಾಲದ ಫರ್ಮಾನುಗಳಿವೆ. ಅಕ್ಬರನ ಕಾಲದವೂ ಔರಂಗಜೇಬನ ಕಾಲದವೂ ಅವುಗಳಲ್ಲಿ ಸೇರಿವೆ. ಪರಭಾಷೆಯ, ಪರಮತದ ಪ್ರಭುಗಳ ನಡುವೆ, ಕನ್ನಡನಾಡಿನಿಂದ ಅಷ್ಟು ದೂರದಲ್ಲಿ, ಮಠದ ಭೂಮಿಯನ್ನು ತಲೆಮಾರುಗಳ ಕಾಲ ಕಾಯ್ದುಕೊಂಡದ್ದು ಸಣ್ಣ ಸಾಧನೆಯಲ್ಲ. ಮಹಾಸಭೆಗಳಿಲ್ಲದೆಯೂ ಚುನಾವಣೆಗಳಿಲ್ಲದೆಯೂ ಒಂದು ಸಂಸ್ಥೆ ಬಾಳಿತು. ಗುರುವಿನಿಂದ ಶಿಷ್ಯನಿಗೆ ಇಳಿದುಬಂದ ಪೀಠಕ್ಕೆ ತನ್ನದೇ ಆದ ಶಕ್ತಿಯುಂಟೆಂಬುದಕ್ಕೆ ಇದೇ ಪ್ರಮಾಣ. ವಿದ್ವಾಂಸರಾದ ಡಾ. ಚಂದ್ರಶೇಖರ ಶಿವಾಚಾರ್ಯರ ಪೀಠಕಾಲದಲ್ಲಿ, ೨೦೨೦ರ ಫೆಬ್ರವರಿ ೧೬ರಂದು, ಮಠದ ವಿಶ್ವಾರಾಧ್ಯ ಗುರುಕುಲದ ಶತಮಾನೋತ್ಸವದ ಸಮಾರೋಪ ನಡೆದು, ಸಿದ್ಧಾಂತಶಿಖಾಮಣಿಯ ಹತ್ತೊಂಬತ್ತು ಭಾಷೆಗಳ ಅನುವಾದವು ಪ್ರಧಾನಮಂತ್ರಿಗಳಿಂದ ಬಿಡುಗಡೆಯಾಯಿತು. ಪೀಠದಲ್ಲಿ ವಿದ್ವಾಂಸನು ಕುಳಿತಾಗ ಪೀಠವು ಏನು ಮಾಡಬಲ್ಲದು ಎಂಬುದಕ್ಕೆ ಇದು ನಿದರ್ಶನ. ವಿದ್ವಾಂಸನಲ್ಲದವನು ಕುಳಿತಾಗ ಏನಾದೀತು ಎಂಬ ಪ್ರಶ್ನೆಗೆ ಮಾತ್ರ ವ್ಯವಸ್ಥೆಯಲ್ಲಿ ಉತ್ತರವಿಲ್ಲ.

ಹಾಗೆಂದು ಅಧಿಕಾರದ ಮಿತಿ ಕನ್ನಡನಾಡಿಗೆ ಅಪರಿಚಿತವೆಂದರೆ ತಪ್ಪಾದೀತು. ವಿರಕ್ತ ಪರಂಪರೆಯ ಶೂನ್ಯಸಂಪಾದನೆಯಲ್ಲಿ ಕಲ್ಯಾಣದ ಶರಣರ ನಡುವೆ ಶೂನ್ಯಸಿಂಹಾಸನವೊಂದು ಸಿದ್ಧವಾಗುತ್ತದೆ. ಅದನ್ನು ಏರಿದ ಅಲ್ಲಮಪ್ರಭುವು ಅಲೆಮಾರಿ. ಒಂದು ಊರಿನವನಲ್ಲ, ಒಂದು ಮಠದವನಲ್ಲ. ಪೀಠವನ್ನು ಬಯಸದವನೇ ಪೀಠಕ್ಕೆ ತಕ್ಕವನೆಂಬ ಧ್ವನಿ ಆ ಪ್ರಸಂಗದ ತುಂಬ ಇದೆ. ತೆರೇಸಳು ವಿಗ್ರಹವನ್ನಿಟ್ಟು ತೆರವು ಮಾಡಿದ ಆಸನಕ್ಕೂ ಕಲ್ಯಾಣದ ಶೂನ್ಯಸಿಂಹಾಸನಕ್ಕೂ ನಡುವೆ ಯಾವ ಚಾರಿತ್ರಿಕ ಸಂಬಂಧವೂ ಇಲ್ಲ. ಇದ್ದದ್ದು ಒಂದೇ ಅರಿವು.

ಅವಧಿಯ ಕಲ್ಪನೆಗೆ ಉಡುಪಿಗಿಂತ ಬೇರೆ ಉದಾಹರಣೆ ಬೇಕಿಲ್ಲ. ಕೃಷ್ಣಪೂಜೆಯ ಅಧಿಕಾರ ಅಷ್ಟಮಠಗಳ ನಡುವೆ ಸರದಿಯಿಂದ ಸುತ್ತುತ್ತದೆ. ಎರಡು ತಿಂಗಳ ಸರದಿಯನ್ನು ಎರಡು ವರ್ಷದ ಪರ್ಯಾಯವನ್ನಾಗಿ ಮಾಡಿದ ಕೀರ್ತಿ ಹದಿನಾರನೆಯ ಶತಮಾನದ ವಾದಿರಾಜರದೆಂದು ಸಂಪ್ರದಾಯ ಹೇಳುತ್ತದೆ. ಎಷ್ಟೇ ಪ್ರಭಾವಶಾಲಿಯಾದ ಯತಿಯೂ ಎರಡು ವರ್ಷ ತುಂಬಿದ ದಿನ ಕೀಲಿಕೈ ಒಪ್ಪಿಸಿ ಇಳಿಯಲೇಬೇಕು. ಆದರೆ ಇದು ಕೃಷ್ಣಮಠದ ಪೂಜೆಗೆ ಸಂದ ನಿಯಮ. ಪ್ರತಿಯೊಂದು ಮಠದ ಒಳಗಣ ಅಧಿಪತ್ಯಕ್ಕೆ ಇದು ತಾಕಲಿಲ್ಲ. ಆ ಎಂಟರಲ್ಲೊಂದಾದ ಶಿರೂರು ಮಠವು ಪರ್ಯಾಯದ ವೆಚ್ಚದಿಂದ ಸಾಲಕ್ಕೆ ಬಿದ್ದು, ಸರ್ಕಾರದ ಧರ್ಮಾದಾಯ ಇಲಾಖೆ ಕೈಹಾಕಿ, ವಿವಾದವು ಸುಪ್ರೀಂ ಕೋರ್ಟಿನ ಮೆಟ್ಟಿಲು ಹತ್ತಿತು. ೧೯೫೪ರ ಪ್ರಸಿದ್ಧ ತೀರ್ಪು ಮಠಾಧಿಪತಿಯು ಕೇವಲ ಧರ್ಮದರ್ಶಿಯೂ ಅಲ್ಲ, ಕೇವಲ ಸಂಬಳದ ಆಡಳಿತಗಾರನೂ ಅಲ್ಲ. ಪದವಿ ಮತ್ತು ಸ್ವತ್ತು, ಕರ್ತವ್ಯ ಮತ್ತು ವೈಯಕ್ತಿಕ ಹಿತ ಆ ಸ್ಥಾನದಲ್ಲಿ ಬೆರೆತುಕೊಂಡಿವೆ ಎಂದು ನಿರ್ಣಯಿಸಿತು. ನ್ಯಾಯಾಲಯವು ಇದ್ದದ್ದನ್ನು ಇದ್ದಂತೆ ಹೇಳಿತು. ಕಥೋಲಿಕ ಸಂಘಗಳು ಬಹುಕಾಲದ ಪ್ರಯತ್ನದಿಂದ ಬಿಡಿಸಿಟ್ಟ ಎಳೆಗಳೇ ನಮ್ಮ ಮಠದಲ್ಲಿ ಬೆರೆತು ಒಂದಾಗಿವೆ ಎಂಬುದಕ್ಕೆ ಇದಕ್ಕಿಂತ ಖಚಿತವಾದ ಸಾಕ್ಷ್ಯ ಸಿಗಲಾರದು.

೬

ಇಲ್ಲಿಗೆ ತೀರ್ಪು ಕೊಟ್ಟು ಮುಗಿಸಿದರೆ ವಿಮರ್ಶೆ ಏಕಪಕ್ಷೀಯವಾಗುತ್ತದೆ. ಕಾಗದದ ಮೇಲಣ ವಿಧಿಗಳು ಕಥೋಲಿಕ ಸಂಘಗಳನ್ನು ಎಲ್ಲ ಕಾಲಕ್ಕೂ ಕಾಯಲಿಲ್ಲ. ೧೫೧೬ರ ಒಪ್ಪಂದದಿಂದ ಫ್ರಾನ್ಸಿನ ಅರಸನಿಗೆ ಮಠಾಧಿಪತಿಗಳನ್ನು ಹೆಸರಿಸುವ ಹಕ್ಕು ದೊರೆತಾಗ, ಮಠವನ್ನು ಕಣ್ಣಿನಿಂದಲೂ ಕಾಣದ ಆಸ್ಥಾನಿಕರು ಅಧಿಪತಿಗಳೆನಿಸಿ ಹುಟ್ಟುವಳಿಯನ್ನು ಉಂಡರು. ಇತ್ತೀಚಿನ ನಿದರ್ಶನ ಇನ್ನೂ ದಾರುಣ. ಲೀಜನ್ ಆಫ್ ಕ್ರೈಸ್ಟ್ ಎಂಬ ಸಂಘದಲ್ಲಿ ಮೇಲಿನವರನ್ನು ಟೀಕಿಸಬಾರದೆಂಬುದು ಒಂದು ವ್ರತವೇ ಆಗಿತ್ತು. ಅದರ ಸ್ಥಾಪಕ ಮಾರ್ಸಿಯಲ್ ಮಾಸಿಯೆಲ್‌ನ ದುರಾಚಾರವು ಆ ಮೌನದ ಮರೆಯಲ್ಲಿ ದಶಕಗಳ ಕಾಲ ಬೆಳೆಯಿತು. ೨೦೦೬ರಲ್ಲಿ ವ್ಯಾಟಿಕನ್ ಅವನನ್ನು ಸಾರ್ವಜನಿಕ ಸೇವೆಯಿಂದ ದೂರವಿರಿಸಿತು. ೨೦೦೭ರಲ್ಲಿ ಆ ವ್ರತ ರದ್ದಾಯಿತು. ೨೦೧೦ರಲ್ಲಿ ಸಂಘದ ಆಡಳಿತವನ್ನು ಪೋಪರು ತಮ್ಮ ಪ್ರತಿನಿಧಿಯ ವಶಕ್ಕೆ ಕೊಟ್ಟರು. ಮೂರು ವಿಂಗಡಣೆಗಳು ಶಾಸನದಲ್ಲಿದ್ದರೂ ಪ್ರಶ್ನಿಸುವ ನಾಲಗೆಯನ್ನು ಕಟ್ಟಿಹಾಕಿದರೆ ಶಾಸನ ಸತ್ತಂತೆಯೇ ಸರಿ.

ಇನ್ನೊಂದು ಭೇದವನ್ನೂ ಮರೆಯಬಾರದು. ಕಥೋಲಿಕ ಸಂಘದ ಶ್ರೇಷ್ಠನು ಆ ಸಂಘದ ವ್ರತಧಾರಿಗಳಿಗೆ ಮಾತ್ರ ಶ್ರೇಷ್ಠ; ಊರಿನ ಗೃಹಸ್ಥರ ಧರ್ಮಪಾಲನೆ ಬಿಷಪರದು. ನಮ್ಮ ಪೀಠಾಧಿಪತಿಯಾದರೋ ಗೃಹಸ್ಥರೆಲ್ಲರ ಗುರು. ಮದುವೆ, ದೀಕ್ಷೆ, ವ್ಯಾಜ್ಯ, ಮಕ್ಕಳ ಓದು, ಎಲ್ಲಕ್ಕೂ ಜನ ಅವನ ಬಳಿಗೆ ಬರುತ್ತಾರೆ. ಆರು ವರ್ಷಕ್ಕೊಮ್ಮೆ ಬದಲಾಗುವ ಮುಖವನ್ನು ಹಳ್ಳಿಯ ಭಕ್ತನು ಗುರುವೆಂದು ಭಾವಿಸುವುದು ಕಷ್ಟ. ೧೯೪೧ರಲ್ಲಿ ಸಿದ್ಧಗಂಗಾ ಮಠದ ಹೊಣೆ ಹೊತ್ತ ಶಿವಕುಮಾರ ಸ್ವಾಮಿಗಳು ೨೦೧೯ರವರೆಗೆ ಬಾಳಿ, ಲಕ್ಷೋಪಲಕ್ಷ ಬಡ ಮಕ್ಕಳಿಗೆ ಅನ್ನವನ್ನೂ ಅಕ್ಷರವನ್ನೂ ಕೊಟ್ಟದ್ದು ಯಾವ ಮಹಾಸಭೆಯ ನಿರ್ಣಯದಿಂದಲೂ ಅಲ್ಲ. ಆದರೆ ಅವರೂ ೧೯೮೮ರಲ್ಲಿಯೇ ಉತ್ತರಾಧಿಕಾರಿಯನ್ನು ಗೊತ್ತುಪಡಿಸಿದ್ದರೆಂಬುದನ್ನು ಗಮನಿಸಬೇಕು. ಅಳಿಯುವ ದೇಹವನ್ನು ನೆಚ್ಚಿ ಉಳಿಯುವ ಸಂಸ್ಥೆಯನ್ನು ಕಟ್ಟಬಾರದೆಂಬ ವಿವೇಕ ಅಲ್ಲಿತ್ತು. ಆ ವಿವೇಕವಿಲ್ಲದೆಡೆ ಏನಾಗುತ್ತದೆಂಬುದು ಪೀಠದ ಉತ್ತರಾಧಿಕಾರಕ್ಕಾಗಿ ನ್ಯಾಯಾಲಯಗಳಲ್ಲಿ ವರ್ಷಾನುಗಟ್ಟಲೆ ನಡೆದ ವ್ಯಾಜ್ಯಗಳನ್ನು ಪತ್ರಿಕೆಗಳಲ್ಲಿ ಓದಿದವರಿಗೆ ಗೊತ್ತಿಲ್ಲದ್ದಲ್ಲ.

ಸ್ತ್ರೀಯರ ವಿಷಯದಲ್ಲಿ ಕಥೋಲಿಕ ಸಂಘಗಳ ಅನುಭವ ಹಿರಿದು. ೧೮೭೦ರಲ್ಲಿ ಮಂಗಳೂರಿಗೆ ಬಂದ ಅಪೊಸ್ತಲಿಕ್ ಕಾರ್ಮೆಲ್ ಸಂಘವೂ, ೧೯೨೧ರಲ್ಲಿ ಅದೇ ಊರಿನಲ್ಲಿ ಹುಟ್ಟಿದ ಬೆಥನಿ ಸಂಘವೂ ತಮ್ಮ ಶಾಲೆ ಕಾಲೇಜುಗಳನ್ನು ತಮ್ಮವರೇ ಆದ ಮಹಾಶ್ರೇಷ್ಠೆಯರ ಕೈಯಲ್ಲಿ ನಡೆಸಿಕೊಂಡು ಬಂದಿವೆ. ಅಕ್ಕಮಹಾದೇವಿಯನ್ನು ಹೆತ್ತ ನಾಡಿನಲ್ಲಿ ೧೯೭೦ರಲ್ಲಿ ಮಾತೆ ಮಹಾದೇವಿಯವರು ಜಗದ್ಗುರು ಪೀಠವೇರಿದ್ದು ಬಹುಕಾಲ ಅಪವಾದವಾಗಿಯೇ ಉಳಿಯಿತು.

೭

ಕಥೋಲಿಕ ಗುರು ರೈಮುಂಡೊ ಪಣಿಕ್ಕರ್ ಕಾಶಿಯ ಗಂಗಾತೀರದಲ್ಲಿ ಬಹುವರ್ಷ ಬಾಳಿದವರು. ಸಂನ್ಯಾಸಿಯೆಂಬುವನು ಯಾವುದೋ ಒಂದು ಮತದ ಸೊತ್ತಲ್ಲ, ಪ್ರತಿಯೊಬ್ಬ ಮನುಷ್ಯನ ಒಳಗೂ ಇರುವ ಒಂದು ಮೂಲರೂಪ ಎಂಬುದು ಅವರು ಆಮೇಲೆ ಬೆಳೆಸಿದ ವಿಚಾರ. ಆ ಮಾತನ್ನು ಒಪ್ಪುವುದಾದರೆ ಸಂನ್ಯಾಸಿಗಳ ಮುಖ್ಯಸ್ಥನ ಪ್ರಶ್ನೆಯೂ ಯಾವುದೋ ಒಂದು ಮತದ್ದಲ್ಲ. ಎಲ್ಲ ತೊರೆದವರ ನಡುವೆ ಕೊನೆಯದಾಗಿ ಉಳಿಯುವ ಆಸೆ ಅಧಿಕಾರದ್ದು. ಅದನ್ನು ಪಳಗಿಸುವ ಉಪಾಯವನ್ನು ಎಲ್ಲ ಪರಂಪರೆಗಳೂ ಹುಡುಕಿವೆ.

ಕಥೋಲಿಕ ಸಂಘಗಳು ಆ ಉಪಾಯವನ್ನು ನಿಯಮದಲ್ಲಿ ಕಂಡುಕೊಂಡವು. ಕನ್ನಡ ಪರಂಪರೆ ಅದನ್ನು ಆದರ್ಶದಲ್ಲಿ ಕಂಡುಕೊಂಡಿತು. ಶೂನ್ಯಸಿಂಹಾಸನವು ಬೆನೆಡಿಕ್ಟನ ಯಾವ ಅಧ್ಯಾಯಕ್ಕಿಂತಲೂ ಎತ್ತರದ ಕಲ್ಪನೆ. ಆದರೆ ಎತ್ತರದ ಕಲ್ಪನೆಯನ್ನು ಸಾಮಾನ್ಯ ಮನುಷ್ಯನ ಕೈಗೆ ಕೊಡುವಾಗ ಅದಕ್ಕೆ ಹಿಡಿಕೆ ಬೇಕಾಗುತ್ತದೆ. ಆ ಹಿಡಿಕೆಯನ್ನು ಹೊರಗಿನಿಂದ ತರಬೇಕಾಗಿಲ್ಲ. ಅವಧಿಯ ಮಾದರಿ ಉಡುಪಿಯಲ್ಲಿದೆ. ಬಯಸದವನಿಗೆ ಪೀಠವೆಂಬ ಮಾದರಿ ಕಲ್ಯಾಣದಲ್ಲಿದೆ. ಮುಂಚಿತವಾಗಿ ಉತ್ತರಾಧಿಕಾರಿಯನ್ನು ಗೊತ್ತುಪಡಿಸುವ ಮಾದರಿ ತುಮಕೂರಿನಲ್ಲಿದೆ. ಕಲಿಯಬೇಕಾದುದು ಉಳಿದ ಒಂದೆರಡು ಪಾಠಗಳನ್ನು ಮಾತ್ರ. ಗುರು ಗುರುವಾಗಿಯೇ ಜೀವನಪರ್ಯಂತ ಪೂಜ್ಯನಾಗಿರಲಿ. ಭಂಡಾರದ ಕೀಲಿ ಬೇರೆ ಕೈಯಲ್ಲಿರಲಿ, ಲೆಕ್ಕ ಬಹಿರಂಗವಾಗಲಿ, ಕಿರಿಯ ಮರಿಯ ಮಾತಿಗೂ ಸಭೆಯಲ್ಲಿ ಜಾಗವಿರಲಿ. ಹಾಗಾದರೆ ಗುರುವಿನ ಘನತೆ ಕುಂದದು, ಅದು ಹೆಚ್ಚುತ್ತದೆ. ಲೆಕ್ಕದ ಅನುಮಾನ ತಾಕದ ಗುರುವನ್ನು ಜನ ಇನ್ನೂ ಹೆಚ್ಚಾಗಿ ನಂಬುತ್ತಾರೆ.

ಹೊರನಾಡಿನಲ್ಲಿ ನೆಲೆಸಿದ ಕನ್ನಡಿಗರಿಗೆ ಈ ವಿಚಾರ ದೂರದ್ದಲ್ಲ. ಊರೂರಿನ ಕನ್ನಡ ಸಂಘಗಳೂ ಒಬ್ಬಿಬ್ಬರ ಹೆಗಲ ಮೇಲೆಯೇ ನಿಂತು, ಅವರು ದಣಿದಾಗ ದಣಿಯುತ್ತವೆ. ಕಾಶಿಯ ಜಂಗಮರು ಪರನಾಡಿನಲ್ಲಿ ಶತಮಾನಗಳ ಕಾಲ ತಮ್ಮ ನೆಲೆಯನ್ನು ಕಾಯ್ದುಕೊಂಡದ್ದು ಹೊರನಾಡ ಕನ್ನಡಿಗರೆಲ್ಲರ ಹೆಮ್ಮೆ. ಆ ನೆಲೆ ಇನ್ನು ಮುಂದೆಯೂ ಬಾಳಬೇಕಾದರೆ ಅದರ ಹೆಸರಿನ ಮೊದಲರ್ಧವನ್ನು ನೆನೆಯಬೇಕು. ಪೀಠ ಸ್ಥಾವರವಾಗಿರಲಿ, ಪೀಠದ ಮೇಲಣ ಅಧಿಕಾರ ಮಾತ್ರ ಜಂಗಮವಾಗಿರತಕ್ಕದ್ದು.